ಆಂಜಿಯೋಗ್ರಾಂ ಆಪರೇಷನ್ ಅಲ್ಲ, ಆದರೆ ಆ ಐದು ನಿಮಿಷಕ್ಕೆ ತಯಾರಾಗಿರಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಬಸ್ಸಲ್ಲಿದ್ದೀರೋ, ಮೆಟ್ರೋದಲ್ಲಿ ನಿಂತಿದ್ದೀರೋ, ಅಡುಗೆ ಮಾಡ್ತಾ ಕಿವಿಗೆ ಇಯರ್‌ಫೋನ್ ಹಾಕ್ಕೊಂಡಿದ್ದೀರೋ, ಎಲ್ಲೇ ಇರಿ, ಇವತ್ತು ಒಂದು ಫೋನ್ ಕಾಲ್‌ನಿಂದ ಶುರು ಮಾಡ್ತೀನಿ.

ನಾಲ್ಕು ತಿಂಗಳ ಹಿಂದೆ, ಒಂದು ಮಂಗಳವಾರ ರಾತ್ರಿ ಊರಿಂದ ಅಮ್ಮ ಫೋನ್ ಮಾಡಿದ್ರು. ‘ನಿಮ್ಮಪ್ಪಂಗೆ ಹಾರ್ಟ್ ಆಪರೇಷನ್ ಅಂತೆ ಕಣೇ, ಬೆಂಗಳೂರಿಗೆ ಕರ್ಕೊಂಡು ಹೋಗ್ಬೇಕಂತೆ’ ಅಂದವರೇ ಅಳೋಕೆ ಶುರು ಮಾಡಿದ್ರು. ಹಿಂದಿನಿಂದ ಅಪ್ಪನ ದನಿ ಕೇಳಿಸ್ತು: ‘ಏನೂ ಇಲ್ಲ ಕಣವ್ವ, ಸುಮ್ನೆ ಗಾಬರಿ ಮಾಡ್ಕೊಂಡವ್ಳೆ.’

ಅಪ್ಪಂಗೆ 61 ವರ್ಷ. ತಿಪಟೂರಿನ ಹತ್ತಿರ ನಮ್ಮದು ಸಣ್ಣ ತೆಂಗಿನ ತೋಟ. ಮನೆಯಿಂದ ಪಂಪ್‌ಹೌಸ್‌ಗೆ ಸ್ವಲ್ಪ ದಿಬ್ಬ ಹತ್ತಬೇಕು. ಆ ದಿಬ್ಬದಲ್ಲಿ ಎರಡು ತಿಂಗಳಿಂದ ಎದೆ ಹಿಡಿದ ಹಾಗೆ ಆಗ್ತಿತ್ತಂತೆ. ನಿಂತರೆ ಹೋಗ್ತಿತ್ತಂತೆ. ಗ್ಯಾಸ್ ಅಂದ್ಕೊಂಡು ಜೀರಿಗೆ ಕಷಾಯ ಕುಡ್ಕೊಂಡಿದ್ರು. ಕೊನೆಗೆ ಅಮ್ಮ ಬಲವಂತ ಮಾಡಿ ತುಮಕೂರಿಗೆ ಕರ್ಕೊಂಡು ಹೋದಾಗ ಇಸಿಜಿ, ಎಕೋ ಆಯ್ತು. ಓಡುವ ಬೆಲ್ಟ್ ಮೇಲೆ ನಡೆಸಿ ನೋಡುವ ಟಿಎಂಟಿ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಿಸ್ತು. ಚೀಟಿಯಲ್ಲಿ ಡಾಕ್ಟರ್ ಒಂದೇ ಸಾಲು ಬರೆದಿದ್ರು: ಕರೋನರಿ ಆಂಜಿಯೋಗ್ರಾಂ ಮಾಡಿಸಿ.

ನಮ್ಮ ಮನೆಯಲ್ಲಿ ಆ ಪದ ಕೇಳಿದ್ರೆ ಸಾಕು, ಎದೆ ಕುಯ್ಯೋದೇ ಕಣ್ಮುಂದೆ ಬರುತ್ತೆ. ಬಹುಶಃ ನಿಮ್ಮ ಮನೇಲೂ ಹಾಗೇ ಇರಬಹುದು. ಅದಕ್ಕೆ ಈ ಸಂಚಿಕೆ. ಇವತ್ತಿನ ಮಾತಿನ ಸಾರ ಈಗಲೇ ಹೇಳಿಬಿಡ್ತೀನಿ: ಈ ಪರೀಕ್ಷೆ ದೇಹಕ್ಕೆ ನಾವು ಹೆದರುವಷ್ಟು ಕಷ್ಟದ್ದಲ್ಲ. ಕಷ್ಟ ಇರೋದು ಪರೀಕ್ಷೆ ನಡೀತಿರುವಾಗಲೇ ಬರುವ ಒಂದು ಪ್ರಶ್ನೆಯಲ್ಲಿ. ಅದಕ್ಕೆ ಉತ್ತರ ಹುಡುಕೋಕೆ ಸಿಗೋದು ಐದೇ ನಿಮಿಷ.

ಹಾಗಾದ್ರೆ ಇದು ಏನು?

ಹೃದಯ ಇಡೀ ದೇಹಕ್ಕೆ ರಕ್ತ ಪಂಪ್ ಮಾಡುತ್ತೆ. ಆದ್ರೆ ಅದಕ್ಕೂ ರಕ್ತ ಬೇಕಲ್ಲ? ಅದನ್ನು ಕೊಡೋದು ಹೃದಯದ ಮೈಮೇಲೆ ಬಳ್ಳಿ ಹಾಗೆ ಹಬ್ಬಿರುವ ಕರೋನರಿ ರಕ್ತನಾಳಗಳು. ಎಡಗಡೆ ಒಂದು ಹೊರಟು ಎರಡು ಕವಲಾಗುತ್ತೆ, ಬಲಗಡೆ ಒಂದು. ಮುಖ್ಯವಾದವು ಹೀಗೆ ಮೂರು. ಅಗಲ ಸುಮಾರು ಮೂರು ನಾಲ್ಕು ಮಿಲಿಮೀಟರ್ ಅಷ್ಟೆ. ಇವುಗಳ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡು ದಾರಿ ಕಿರಿದಾದ್ರೆ, ದಿಬ್ಬ ಹತ್ತುವಾಗ ಹೃದಯಕ್ಕೆ ಬೇಕಾದಷ್ಟು ರಕ್ತ ಸಿಗಲ್ಲ. ಆಗ ಎದೆ ಹಿಡಿಯುತ್ತೆ.

ಬರೀ ಎಕ್ಸ್‌ರೇ ತೆಗೆದ್ರೆ ಈ ನಾಳಗಳು ಕಾಣಲ್ಲ. ಅದಕ್ಕೆ ಕೈಯ ಅಥವಾ ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಅನ್ನುವ ತೆಳ್ಳಗಿನ ಉದ್ದ ಕೊಳವೆಯನ್ನು ಹೃದಯದ ಬುಡದವರೆಗೂ ಕಳಿಸ್ತಾರೆ. ಕೊಳವೆಯ ದಪ್ಪ ಹೆಚ್ಚುಕಮ್ಮಿ 2 ಮಿಲಿಮೀಟರ್. ಅದರ ತುದಿಯನ್ನು ಕರೋನರಿ ನಾಳದ ಬಾಯಿಗೆ ಇಟ್ಟು, ಅಯೋಡಿನ್ ಇರುವ ದ್ರವವನ್ನು ಒಳಗೆ ಬಿಡ್ತಾರೆ. ಆಸ್ಪತ್ರೆಯಲ್ಲಿ ಎಲ್ಲರೂ ಅದಕ್ಕೆ ‘ಡೈ’ ಅಂತಾರೆ. ಡೈ ಹರಿಯುವ ಕೆಲವು ಸೆಕೆಂಡು ಎಕ್ಸ್‌ರೇ ವಿಡಿಯೊ ತೆಗೀತಾರೆ. ಎಲ್ಲಿ ದಾರಿ ಕಿರಿದಾಗಿದೆ ಅನ್ನೋದು ಪರದೆ ಮೇಲೆ ಕಾಣುತ್ತೆ. ಇಷ್ಟೇ ಆಂಜಿಯೋಗ್ರಾಂ. ಎದೆ ಕುಯ್ಯೋದಿಲ್ಲ, ಹೊಲಿಗೆ ಇಲ್ಲ, ಪೂರ್ತಿ ಪ್ರಜ್ಞೆ ತಪ್ಪಿಸೋದೂ ಇಲ್ಲ.

ಇನ್ನೆರಡು ಪದಗಳ ಗೊಂದಲ ಬಗೆಹರಿಸಿಬಿಡೋಣ. ಆಂಜಿಯೋಗ್ರಾಂ ಅಂದ್ರೆ ನೋಡೋದು. ಆಂಜಿಯೋಪ್ಲಾಸ್ಟಿ ಅಂದ್ರೆ ಬಲೂನ್‌ನಿಂದ ಅಗಲ ಮಾಡಿ, ಸಾಮಾನ್ಯವಾಗಿ ಸ್ಟೆಂಟ್ ಅನ್ನುವ ಲೋಹದ ಜಾಲರಿ ಕೊಳವೆ ಇಡೋದು. ಎರಡಕ್ಕೂ ಅದೇ ದಾರಿ, ಅದೇ ಟೇಬಲ್. ಎರಡೂ ಒಂದೇ ಅಂತ ಜನ ಅಂದ್ಕೊಳ್ಳೋದು ಅದಕ್ಕೇ. ಸಿಟಿ ಆಂಜಿಯೋಗ್ರಾಂ ಬೇರೆ. ಅದರಲ್ಲಿ ಕೈಯ ರಕ್ತನಾಳಕ್ಕೆ ಡೈ ಚುಚ್ಚಿ ಸ್ಕ್ಯಾನ್ ಮಾಡ್ತಾರೆ, ಹೃದಯದ ತನಕ ಕೊಳವೆ ಹೋಗಲ್ಲ. ಬ್ಲಾಕ್ ಇರುವ ಸಂಭವ ಕಡಿಮೆ ಅನ್ನಿಸಿದವರಿಗೆ ಎಷ್ಟೋ ಸಲ ಅದೇ ಸಾಕಾಗುತ್ತೆ.

ತನ್ನ ಹೃದಯಕ್ಕೇ ಕೊಳವೆ ಹಾಕ್ಕೊಂಡ ಡಾಕ್ಟರ್

ಇದನ್ನು ಮೊದಲು ಮಾಡಿದವರು ಯಾರು ಗೊತ್ತಾ? ವೆರ್ನರ್ ಫೋರ್ಸ್‌ಮನ್ ಅನ್ನುವ ಜರ್ಮನ್ ಯುವ ವೈದ್ಯ. 1929ರಲ್ಲಿ, ಇಪ್ಪತ್ತೈದರ ಆಸುಪಾಸಿನಲ್ಲಿ, ತನ್ನ ತೋಳಿನ ನಾಳದಿಂದ ತನ್ನದೇ ಹೃದಯಕ್ಕೆ ಕೊಳವೆ ತೂರಿಸಿಕೊಂಡು, ಹಾಗೇ ಎಕ್ಸ್‌ರೇ ಕೋಣೆಗೆ ನಡೆದು ಹೋಗಿ ಫೋಟೊ ತೆಗೆಸಿಕೊಂಡ. ಮೇಲಿನವರು ಬೇಡ ಅಂದಿದ್ರು. ಉಪಕರಣ ಸಿಗಬೇಕು ಅಂತ ನರ್ಸ್ ಒಬ್ಬರನ್ನು ‘ನಿಮ್ಮ ಮೇಲೇ ಪ್ರಯೋಗ ಮಾಡ್ತೀನಿ’ ಅಂತ ನಂಬಿಸಿ, ಟೇಬಲ್‌ಗೆ ಕಟ್ಟಿ, ಆಮೇಲೆ ತನಗೇ ಚುಚ್ಚಿಕೊಂಡನಂತೆ. ಆಗ ಬೈಗುಳ ಸಿಕ್ತು. 1956ರಲ್ಲಿ ನೊಬೆಲ್ ಸಿಕ್ತು.

ಕರೋನರಿ ನಾಳದ ಚಿತ್ರ ಸಿಕ್ಕಿದ್ದಂತೂ ಆಕಸ್ಮಿಕ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಮೇಸನ್ ಸೋನ್ಸ್ ಬೇರೇನೋ ಪರೀಕ್ಷೆ ಮಾಡುವಾಗ ಕೊಳವೆ ಜಾರಿ ಡೈ ನೇರವಾಗಿ ಬಲ ಕರೋನರಿ ನಾಳಕ್ಕೆ ಹೋಯ್ತು. ಕೆಲವು ಕ್ಷಣ ಹೃದಯ ಬಡಿತ ನಿಂತಿತು. ಕೆಮ್ಮು ಅಂದ್ರು, ರೋಗಿ ಕೆಮ್ಮಿದ, ಬಡಿತ ಮರಳಿತು. ಅಲ್ಲಿಯವರೆಗೆ ಹಾಗೆ ಮಾಡಿದ್ರೆ ಸಾವೇ ಅಂತ ನಂಬಿದ್ರು. ಮಣಿಕಟ್ಟಿನ ಮೂಲಕ ಈ ಪರೀಕ್ಷೆ ಮಾಡಬಹುದು ಅಂತ ತೋರಿಸಿದ್ದು ಕೆನಡಾದ ಲೂಸಿಯೆನ್ ಕಾಂಪೋ, 1989ರಲ್ಲಿ. ಇವತ್ತು ನಮ್ಮ ಅಪ್ಪ ಪರೀಕ್ಷೆ ಮುಗಿಸಿ ಎದ್ದು ಕೂತು ಕಾಫಿ ಕುಡಿದಿದ್ರೆ ಅದು ಇವರೆಲ್ಲರ ಪುಣ್ಯ.

ದೊಡ್ಡಪ್ಪನ ಫೈಲು

ಅಪ್ಪನ ಕಥೆಗೆ ಮುಂಚೆ ದೊಡ್ಡಪ್ಪನ ವಿಷಯ ಹೇಳಲೇಬೇಕು. ಈ ಸಂಚಿಕೆ ಮಾಡೋಕೆ ಅದೇ ಕಾರಣ.

ಮೂರು ವರ್ಷದ ಹಿಂದೆ ದೊಡ್ಡಪ್ಪಂಗೂ ಆಂಜಿಯೋಗ್ರಾಂ ಆಯ್ತು. ಒಳಗಿಂದ ಬಂದು ‘ಬ್ಲಾಕ್ ಇದೆ, ಸ್ಟೆಂಟ್ ಹಾಕ್ಬೇಕು, ಸೈನ್ ಮಾಡಿ’ ಅಂದ್ರು. ನನ್ನ ಅಣ್ಣ ಅಂದ್ರೆ ದೊಡ್ಡಪ್ಪನ ಮಗ, ನಾನು, ಚಿಕ್ಕಪ್ಪ ಹೊರಗೆ ನಿಂತಿದ್ವಿ. ಮುಖ ಮುಖ ನೋಡಿಕೊಂಡು ಸೈನ್ ಮಾಡಿದ್ವಿ. ಎಷ್ಟು ಬ್ಲಾಕ್, ಎಲ್ಲಿ, ಮುಂದೆ ಏನು, ಒಂದೂ ಕೇಳಲಿಲ್ಲ. ಸ್ಟೆಂಟ್ ಬೇಕಾಗಿತ್ತೋ ಇಲ್ವೋ ಅಂತ ನಾನು ಈಗ ತಕರಾರು ಮಾಡ್ತಿಲ್ಲ. ಬಹುಶಃ ಬೇಕೇ ಆಗಿತ್ತು. ಕೆಲಸ ಚೆನ್ನಾಗೇ ಮಾಡಿದ್ರು.

ಮನೆಗೆ ಬಂದ ದೊಡ್ಡಪ್ಪ ಎರಡು ತಿಂಗಳಲ್ಲಿ ಗಟ್ಟಿಮುಟ್ಟಾದ್ರು. ಹಲ್ಲು ಉಜ್ಜುವಾಗ ಒಸಡಲ್ಲಿ ರಕ್ತ ಬರುತ್ತೆ ಅಂತ ಯಾರೋ ಹೇಳಿದ್ದು ಕೇಳಿ ರಕ್ತ ತೆಳುವಾಗಿಸುವ ಮಾತ್ರೆ ಎರಡೂ ಬಿಟ್ಟುಬಿಟ್ರು. ‘ಸ್ಪ್ರಿಂಗ್ ಹಾಕಿದ ಮೇಲೆ ಮಾತ್ರೆ ಯಾಕೆ, ರಿಪೇರಿ ಆಯ್ತಲ್ಲ’ ಅಂತಿದ್ರು. ಮೂರನೇ ತಿಂಗಳು ಬೆಳಗಿನ ಜಾವ ಎದೆನೋವು ಬಂತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೋಗಿಬಿಟ್ರು. ಹಾಕಿದ ಸ್ಟೆಂಟ್‌ನಲ್ಲೇ ರಕ್ತ ಹೆಪ್ಪುಗಟ್ಟಿರಬಹುದು ಅಂದ್ರು ಡಾಕ್ಟರ್.

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಈ ಮಾತ್ರೆಗಳನ್ನು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು’ ಅಂತ ದಪ್ಪ ಅಕ್ಷರದಲ್ಲಿತ್ತು. ಇಂಗ್ಲಿಷ್‌ನಲ್ಲಿತ್ತು. ದೊಡ್ಡಪ್ಪಂಗೆ ಇಂಗ್ಲಿಷ್ ಬರಲ್ಲ. ನನಗೆ ಬರುತ್ತೆ. ಆ ಹಾಳೆಯ ಫೋಟೊ ತೆಗೆದು ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಿದವಳೂ ನಾನೇ. ನಾನೂ ಓದಿರಲಿಲ್ಲ.

ಅದಕ್ಕೇ ಅಪ್ಪನ ಸರದಿ ಬಂದಾಗ, ಈ ಸಲ ಹಾಗಾಗಬಾರದು ಅಂದ್ಕೊಂಡೆ.

ಹಿಂದಿನ ದಿನ ಏನೇನು ಇರುತ್ತೆ

ಅಪ್ಪನನ್ನು ಹಿಂದಿನ ಸಂಜೆಯೇ ಅಡ್ಮಿಟ್ ಮಾಡಿಕೊಂಡ್ರು. ಕೆಲವು ಕಡೆ ಅದೇ ದಿನ ಬೆಳಿಗ್ಗೆ ಬನ್ನಿ ಅಂತಾರೆ. ಮೊದಲು ರಕ್ತ ಪರೀಕ್ಷೆ. ಅದರಲ್ಲಿ ಮುಖ್ಯವಾದದ್ದು ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೇಗಿದೆ ಅನ್ನೋದು. ಡೈ ಹೊರಗೆ ಹೋಗೋದು ಕಿಡ್ನಿ ಮೂಲಕ. ಅದು ದುರ್ಬಲ ಇದ್ದವರಿಗೆ ಮುಂಚೆಯೇ ಡ್ರಿಪ್ ಹಾಕೋದು, ಡೈ ಕಡಿಮೆ ಬಳಸೋದು ಇರುತ್ತೆ. ಜೊತೆಗೆ ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಮಾಡ್ತಾರೆ. ಅಪ್ಪಂಗೆ ಇದು ಗೊತ್ತಾಗಿ ಮುಖ ಸಣ್ಣದಾಯ್ತು. ‘ನನ್ನ ಮೇಲೆ ಅನುಮಾನವಾ?’ ಅಂದ್ರು. ಎಲ್ಲರಿಗೂ ಮಾಡ್ತಾರೆ ಅಂತ ನರ್ಸ್ ಹೇಳಿದ ಮೇಲೆ ಸಮಾಧಾನ. ಮನೆಯ ಹಿರಿಯರಿಗೆ ಇದನ್ನು ನೀವೇ ಮೊದಲು ಹೇಳಿಬಿಡಿ.

ಮಾತ್ರೆಗಳ ವಿಷಯ. ದಿನಾ ತಗೊಳ್ಳುವ ಎಲ್ಲ ಮಾತ್ರೆಗಳನ್ನು ಒಂದು ಕವರ್‌ಗೆ ಹಾಕಿಕೊಂಡು ಹೋಗಿ, ಹೆಸರು ನೆನಪಿಟ್ಟುಕೊಳ್ಳೋ ಸಾಹಸ ಬೇಡ. ಶುಗರ್‌ಗೆ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ, ಅದರಲ್ಲೂ ಕಿಡ್ನಿ ತೊಂದರೆ ಇದ್ದರೆ, ಸುಮಾರು ಎರಡು ದಿನ ನಿಲ್ಲಿಸಿ ಅನ್ನಬಹುದು. ಇನ್ಸುಲಿನ್ ಪ್ರಮಾಣ ಬದಲಿಸಬಹುದು. ಆಸ್ಪಿರಿನ್‌ನಂಥವನ್ನು ಸಾಮಾನ್ಯವಾಗಿ ನಿಲ್ಲಿಸಲ್ಲ. ನಿಲ್ಲಿಸೋದು, ಮುಂದುವರಿಸೋದು ಎರಡೂ ಅವರು ಹೇಳಿದಂತೆ, ನಮ್ಮ ಊಹೆಯಂತಲ್ಲ. ಹಿಂದೆ ಯಾವಾಗಲಾದರೂ ಸ್ಕ್ಯಾನ್‌ಗೆ ಡೈ ಚುಚ್ಚಿದಾಗ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ ಆಗಿದ್ರೆ ತಪ್ಪದೇ ಹೇಳಬೇಕು. ಹೆಣ್ಣುಮಕ್ಕಳು ಗರ್ಭಿಣಿ ಇರುವ ಸಾಧ್ಯತೆ ಇದ್ದರೂ ಹೇಳಬೇಕು, ಇದು ಎಕ್ಸ್‌ರೇ.

ಪರೀಕ್ಷೆಗೆ ಮುಂಚೆ ಕೆಲವು ಗಂಟೆ ಊಟ ಇಲ್ಲ. ಎಷ್ಟು ಹೊತ್ತು, ನೀರು ಎಲ್ಲಿಯವರೆಗೆ ಕುಡೀಬಹುದು ಅಂತ ಅವರೇ ಹೇಳ್ತಾರೆ. ಬಲಗೈ ಮಣಿಕಟ್ಟಿನ ಕೂದಲು ತೆಗೀತಾರೆ, ಹಾಗೇ ತೊಡೆಸಂದಿನ ಕೂದಲನ್ನೂ ತೆಗೀತಾರೆ. ‘ಕೈಯಲ್ಲಿ ಮಾಡ್ತೀವಿ ಅಂದ್ರಲ್ಲ, ಇದ್ಯಾಕೆ’ ಅಂತ ಅಪ್ಪ ಕೇಳಿದ್ರು. ಕೈಯ ನಾಳ ಸಣ್ಣದಿದ್ರೆ, ಸುತ್ತಿಕೊಂಡಿದ್ರೆ ಕಾಲಿನ ದಾರಿ ತಯಾರಿರಲಿ ಅಂತ. ಮಣಿಕಟ್ಟಿನ ಎರಡೂ ನಾಡಿಗಳನ್ನು ಒತ್ತಿ ಹಿಡಿದು, ಒಂದನ್ನು ಬಿಟ್ಟು, ಅಂಗೈಗೆ ಕೆಂಪು ಮರಳುತ್ತಾ ಅಂತಲೂ ಕೆಲವರು ನೋಡ್ತಾರೆ.

ಉಂಗುರ, ವಾಚು, ಸರ ಎಲ್ಲ ಬಿಚ್ಚಬೇಕು. ನಮ್ಮಲ್ಲಿ ದೊಡ್ಡ ಗಲಾಟೆ ಆದದ್ದು ಅಪ್ಪನ ಉಡಿದಾರದ ವಿಷಯಕ್ಕೆ. ಹುಟ್ಟಿದಾಗಿಂದ ಸೊಂಟದಲ್ಲಿ ಉಡಿದಾರ ಇಲ್ಲದೆ ಇದ್ದವರೇ ಅಲ್ಲ. ಕತ್ತರಿ ಹಿಡಿದ ಬ್ರದರ್‌ಗೆ ‘ಅದೊಂದು ಬಿಡಪ್ಪಾ’ ಅಂತ ಕೈ ಮುಗಿದ್ರು. ಕೊನೆಗೆ ಅಮ್ಮ ಬಿಚ್ಚಿ ತನ್ನ ಸೆರಗಿನ ತುದಿಗೆ ಗಂಟು ಹಾಕ್ಕೊಂಡ್ರು. ಮಂಗಳಸೂತ್ರ, ಜನಿವಾರ, ತಾಯತದ ಬಗ್ಗೆಯೂ ಇದೇ. ಕೊನೆ ಗಳಿಗೆಯಲ್ಲಿ ಜಗಳ ಬೇಡ, ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.

ಆಮೇಲೆ ಬರೋದು ಒಪ್ಪಿಗೆ ಪತ್ರ. ನಾನು ‘ಓದ್ಕೊಂಡು ಸೈನ್ ಮಾಡಿಸ್ತೀನಿ’ ಅಂದಾಗ ಸಿಬ್ಬಂದಿಗೆ ಸ್ವಲ್ಪ ಕಿರಿಕಿರಿ ಆಯ್ತು. ‘ಗಂಡುಮಕ್ಕಳು ಯಾರೂ ಬಂದಿಲ್ವಾ?’ ಅಂತಲೂ ಕೇಳಿದ್ರು. ಇಲ್ಲ, ನಾನೇ ಬಂದಿರೋದು ಅಂದೆ. ಅಪ್ಪಂಗೆ ಒಂದೊಂದೇ ಸಾಲು ಕನ್ನಡದಲ್ಲಿ ಓದಿ ಹೇಳಿದೆ. ರಕ್ತಸ್ರಾವ, ನಾಳಕ್ಕೆ ಪೆಟ್ಟು, ಡೈ ಅಲರ್ಜಿ, ಕಿಡ್ನಿ ತೊಂದರೆ, ಹೃದಯಾಘಾತ, ಪಾರ್ಶ್ವವಾಯು, ಸಾವು. ಓದುವಾಗ ನನ್ನ ದನಿಯೇ ನಡುಗಿತು. ಆದ್ರೆ ಪ್ರಮಾಣ ಗೊತ್ತಿರಬೇಕು: ಬರೀ ನೋಡುವ ಪರೀಕ್ಷೆಯಲ್ಲಿ ಇಂಥ ಗಂಭೀರ ತೊಂದರೆ ಆಗೋದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನಕ್ಕೆ. ವಯಸ್ಸು, ಕಿಡ್ನಿ, ಹೃದಯದ ಶಕ್ತಿ ನೋಡಿಕೊಂಡು ಇದು ಹೆಚ್ಚುಕಮ್ಮಿ ಆಗುತ್ತೆ. ಮಣಿಕಟ್ಟು ಕಪ್ಪಾಗೋದು, ನೋಯೋದು ಮಾತ್ರ ಮಾಮೂಲಿ.

ಅದೇ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ‘ಅಗತ್ಯವಿದ್ದರೆ ಆಂಜಿಯೋಪ್ಲಾಸ್ಟಿಗೂ ಒಪ್ಪಿಗೆ ಇದೆ.’ ನಾವು ನಿಂತಿದ್ದು ಅಲ್ಲೇ.

ಆ ರಾತ್ರಿ ವಾರ್ಡಲ್ಲಿ ಅಪ್ಪನನ್ನು ಕೇಳಿದೆ, ‘ಸ್ಟೆಂಟ್ ಹಾಕ್ಬೇಕು ಅಂದ್ರೆ ಏನ್ ಹೇಳ್ಲಿ ಅಪ್ಪ?’ ಅವರು ಸ್ವಲ್ಪ ಹೊತ್ತು ಫ್ಯಾನ್ ನೋಡ್ತಾ ಮಲಗಿದ್ರು. ಆಮೇಲೆ ಅಂದ್ರು, ‘ನಂಗೆ ಎಚ್ಚರ ಇರುತ್ತೆ ಅಂದ್ಯಲ್ಲ? ಹಂಗಾದ್ರೆ ನನ್ನನ್ನೇ ಕೇಳ್ಲಿ ಕಣವ್ವ.’ ಎಷ್ಟು ಸರಿಯಾದ ಮಾತು. ನಮ್ಮ ಮನೆಗಳಲ್ಲಿ ಡಾಕ್ಟರ್ ಮಾತಾಡೋದು ಮಕ್ಕಳ ಹತ್ತಿರ, ನಿರ್ಧಾರ ಆಗೋದು ಕಾರಿಡಾರ್‌ನಲ್ಲಿ. ಆದ್ರೆ ಒಳಗೆ ಎಚ್ಚರವಾಗಿ ಮಲಗಿರೋ ಮನುಷ್ಯನದ್ದೇ ಆ ಹೃದಯ.

ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್‌ಗೆ ಇದನ್ನೇ ಹೇಳಿದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. ‘ಆಯ್ತು, ಚಿತ್ರ ನೋಡಿ ಇಬ್ಬರ ಜೊತೆಗೂ ಮಾತಾಡ್ತೀನಿ’ ಅಂದ್ರು.

ಕ್ಯಾಥ್‌ಲ್ಯಾಬ್ ಒಳಗೆ

ಕ್ಯಾಥ್‌ಲ್ಯಾಬ್ ಅಂದ್ರೆ ಈ ಪರೀಕ್ಷೆ ನಡೆಯುವ ಕೋಣೆ. ಒಳಗೆ ಆದದ್ದನ್ನು ಅಪ್ಪ ಆಮೇಲೆ ಎಷ್ಟು ಸಲ ಹೇಳಿದ್ದಾರೆ ಅಂದ್ರೆ ನನಗೆ ಬಾಯಿಪಾಠ ಆಗಿದೆ. ಮೊದಲು ಚಳಿ. ಎಸಿ ಜೋರು, ಮೈಮೇಲೆ ಆಸ್ಪತ್ರೆಯ ಗೌನ್ ಮಾತ್ರ. ಕಿರಿದಾದ ಟೇಬಲ್, ಎದೆಗೆ ಇಸಿಜಿ ಅಂಟು, ಮೇಲೆ ಹಸಿರು ಬಟ್ಟೆ. ಡಾಕ್ಟರ್, ಟೆಕ್ನಿಷಿಯನ್ ಎಲ್ಲ ಭಾರದ ಏಪ್ರನ್ ಹಾಕಿರ್ತಾರೆ, ದಿನಾ ಎಕ್ಸ್‌ರೇ ನಡುವೆ ಇರೋರಲ್ವಾ.

ಮಣಿಕಟ್ಟಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡ್ತಾರೆ. ‘ಇರುವೆ ಅಲ್ಲ, ಗೊದ್ದ ಕಚ್ಚಿದ ಹಾಗೆ’ ಅನ್ನೋದು ಅಪ್ಪನ ವರದಿ. ಬಹಳಷ್ಟು ಜನಕ್ಕೆ ಇಡೀ ಪರೀಕ್ಷೆಯಲ್ಲಿ ಹೆಚ್ಚು ನೋಯುವುದು ಅದೇ. ಆಮೇಲೆ ನಾಳದೊಳಗೆ ಸಣ್ಣ ಪ್ಲಾಸ್ಟಿಕ್ ನಳಿಕೆ ಕೂರಿಸ್ತಾರೆ. ರಕ್ತ ಹೆಪ್ಪುಗಟ್ಟದಿರಲು, ನಾಳ ಬಿಗಿಯದಿರಲು ಔಷಧಿ ಬಿಡ್ತಾರೆ. ಆಗ ಕೈಯಲ್ಲಿ ಉರಿ ಅನ್ನಿಸಬಹುದು. ಕೊಳವೆ ತೋಳಿನಲ್ಲಿ ಮೇಲೆ ಹೋಗುವಾಗ ಎಳೆದ ಹಾಗೆ ಆಗಬಹುದು. ಹೃದಯದ ಹತ್ತಿರ ಹೋದಾಗ ಏನೂ ಗೊತ್ತಾಗಲ್ಲ, ನಾಳಗಳ ಒಳಗೆ ನೋವಿನ ನರ ಇಲ್ಲ. ಜೋರಾಗಿ ನೋವಾದ್ರೆ ಬಾಯಿ ಬಿಟ್ಟು ಹೇಳಿ. ನಾಳ ಬಿಗಿದಿರಬಹುದು, ಅದಕ್ಕೆ ಔಷಧಿ ಇದೆ. ಸಹಿಸಿಕೊಂಡು ಶೂರ ಅನ್ನಿಸಿಕೊಳ್ಳೋ ಜಾಗ ಅದಲ್ಲ.

ಡೈ ಬಿಟ್ಟಾಗ ಮೈ ಬಿಸಿಯಾಗುತ್ತೆ. ಹೃದಯದ ಕೋಣೆಗೇ ಹೆಚ್ಚು ಡೈ ಬಿಟ್ರೆ ತಲೆಯಿಂದ ಕಾಲಿನವರೆಗೆ ಬಿಸಿ ಅಲೆ ಹರಿದ ಹಾಗಾಗಿ, ಮೂತ್ರ ಮಾಡಿಕೊಂಡೆನೇನೋ ಅನ್ನಿಸುತ್ತೆ. ಮಾಡಿಕೊಂಡಿರಲ್ಲ. ಇದು ಮೊದಲೇ ಗೊತ್ತಿದ್ರೆ ನಾಚಿಕೆ, ಗಾಬರಿ ಎರಡೂ ತಪ್ಪುತ್ತೆ. ಒಂದೆರಡು ಬಡಿತ ತಪ್ಪಿದ ಹಾಗೂ ಆಗಬಹುದು. ಮೇಲೆ ದೊಡ್ಡ ಎಕ್ಸ್‌ರೇ ತೋಳು ಆ ಕಡೆ ಈ ಕಡೆ ತಿರುಗ್ತಾ ಇರುತ್ತೆ. ‘ಉಸಿರು ಎಳೀರಿ, ಹಿಡ್ಕೊಳ್ಳಿ, ಬಿಡಿ’ ಅಂತಾರೆ. ಬರೀ ಪರೀಕ್ಷೆಯಾದ್ರೆ ಸಾಮಾನ್ಯವಾಗಿ ಅರ್ಧ ಗಂಟೆಯ ಒಳಗೆ ಮುಗಿಯುತ್ತೆ.

ಗಾಜಿನ ಈ ಕಡೆ, ಆ ಐದು ನಿಮಿಷ

‘ಪೇಷಂಟ್ ಕಡೆಯವರು ಒಬ್ಬರು ಬನ್ನಿ’ ಅಂತ ಕೂಗಿದ್ರು. ಗಾಜಿನ ಈಚೆ ಕಂಪ್ಯೂಟರ್‌ಗಳ ಮುಂದೆ ನಿಲ್ಲಿಸಿದ್ರು. ಗಾಜಿನ ಆಚೆ ಅಪ್ಪನ ಪಾದ ಕಾಣ್ತಿತ್ತು. ಪರದೆ ಮೇಲೆ ಅವರ ಹೃದಯದ ಬಳ್ಳಿ.

ಬಲಗಡೆಯ ನಾಳದ ಮಧ್ಯೆ ಒಂದು ಕಡೆ ಮರಳು ಗಡಿಯಾರದ ಸೊಂಟದ ಹಾಗೆ ಕಿರಿದಾಗಿತ್ತು. ಅಂದಾಜು ಶೇ 80 ಅಂದ್ರು ಡಾಕ್ಟರ್. ಎಡಗಡೆ ಮುಂದಿನ ನಾಳದಲ್ಲಿ ಶೇ 60. ಈ ಶೇಕಡಾ ಲೆಕ್ಕ ಬಗ್ಗೆ ಒಂದು ಮಾತು. ಇದು ಬಹುತೇಕ ಕಣ್ಣಳತೆ. ನಾಳದ ನೆರಳನ್ನು ನೋಡಿ ಹೇಳೋದು. ಸಾಮಾನ್ಯವಾಗಿ ಶೇ 70 ದಾಟಿದ್ರೆ ಗಂಭೀರ ಅಂತಾರೆ, ಎಡಗಡೆಯ ಮುಖ್ಯ ಕಾಂಡದಲ್ಲಾದ್ರೆ ಶೇ 50ಕ್ಕೇ. ಮಧ್ಯದ ಅನುಮಾನದ ಬ್ಲಾಕ್‌ಗಳಿಗೆ ಕೂದಲಿನಂಥ ತಂತಿ ಹಾಕಿ, ಬ್ಲಾಕ್‌ನ ಹಿಂದೆ ಮುಂದೆ ರಕ್ತದ ಒತ್ತಡ ಅಳೆಯುವ ಎಫ್‌ಎಫ್‌ಆರ್ ಅನ್ನುವ ಪರೀಕ್ಷೆ ಇದೆ. 0.80 ಅಥವಾ ಅದಕ್ಕಿಂತ ಕಡಿಮೆ ಬಂದ್ರೆ ಆ ಬ್ಲಾಕ್ ನಿಜವಾಗಿ ರಕ್ತ ತಡೀತಿದೆ ಅಂತ. ಅಪ್ಪನ ಎಡ ನಾಳಕ್ಕೆ ಅದನ್ನು ಮಾಡಿದ್ರು, 0.87 ಬಂತು. ಅದಕ್ಕೆ ಸ್ಟೆಂಟ್ ಬೇಡ ಅಂತಾಯ್ತು. ಉಳಿದದ್ದು ಬಲಗಡೆಯದು.

‘ಎರಡು ದಾರಿ ಇದೆ’ ಅಂದ್ರು ಡಾಕ್ಟರ್. ‘ಈಗಲೇ ಸ್ಟೆಂಟ್ ಹಾಕಬಹುದು. ಇಲ್ಲಾಂದ್ರೆ ಸರಿಯಾದ ಮಾತ್ರೆ ಶುರು ಮಾಡಿ, ನೋವು ಕಡಿಮೆ ಆಗುತ್ತಾ ನೋಡಿ, ಆಗದಿದ್ರೆ ಆಮೇಲೆ ಹಾಕಬಹುದು.’ ಮೈಕ್‌ನಲ್ಲಿ ಅಪ್ಪನಿಗೂ ಇದನ್ನೇ ಹೇಳಿದ್ರು. ಗಾಜಿನ ಆಚೆಯಿಂದ ಅಪ್ಪನ ದನಿ: ‘ಸಾರ್, ಅದು ಹಾಕಿದ್ರೆ ಆಯಸ್ಸು ಜಾಸ್ತಿ ಆಗುತ್ತಾ?’

ಡಾಕ್ಟರ್ ನಕ್ಕರು. ‘ನಿಮ್ಮಂಥ ಕೇಸಲ್ಲಿ ಹಾಗಂತ ಹೇಳೋಕಾಗಲ್ಲ ಯಜಮಾನ್ರೇ. ನೋವು ಬೇಗ ಕಡಿಮೆ ಆಗುತ್ತೆ. ಮಾತ್ರೆ ಮಾತ್ರ ಎರಡರಲ್ಲೂ ತಪ್ಪಲ್ಲ.’

ಆಮೇಲೆ ಓದಿ ನೋಡಿದಾಗ ಗೊತ್ತಾಯ್ತು, ಇದು ಅವರ ಸ್ವಂತ ಅಭಿಪ್ರಾಯ ಅಲ್ಲ. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅನ್ನುವ ದೊಡ್ಡ ಅಧ್ಯಯನ 37 ದೇಶಗಳಲ್ಲಿ ನಡೆದಿತ್ತು. 5,179 ರೋಗಿಗಳಿದ್ದರು. ಸ್ಥಿರವಾದ ಬ್ಲಾಕ್ ಇರುವವರಲ್ಲಿ ಮೊದಲೇ ಆಂಜಿಯೋಗ್ರಾಂ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದವರಿಗೂ, ಮೊದಲು ಮಾತ್ರೆ ಕೊಟ್ಟು ನೋಡಿದವರಿಗೂ ಮೂರು ವರ್ಷದ ಮೇಲೆ ಹೃದಯಾಘಾತ, ಸಾವು ಇವುಗಳಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ರೆ ಎದೆನೋವು ಇದ್ದವರಿಗೆ ಸ್ಟೆಂಟ್, ಬೈಪಾಸ್‌ನಿಂದ ಹೆಚ್ಚು ಆರಾಮ ಸಿಕ್ಕಿತು.

ಇಲ್ಲಿ ಹುಷಾರು. ಇದು ಎಲ್ಲರಿಗೂ ಅನ್ವಯ ಆಗಲ್ಲ. ಎಡಗಡೆಯ ಮುಖ್ಯ ಕಾಂಡದ ಬ್ಲಾಕ್ ಇರುವವರು, ಹೃದಯದ ಶಕ್ತಿ ತುಂಬಾ ಕುಗ್ಗಿದವರು, ಇತ್ತೀಚೆಗೆ ಹೃದಯಾಘಾತ ಆದವರು ಆ ಅಧ್ಯಯನದಲ್ಲಿ ಇರಲಿಲ್ಲ. ಕೆಲವರಿಗೆ ಬೈಪಾಸೇ ಒಳ್ಳೇದು. ಹೃದಯಾಘಾತ ನಡೀತಾ ಇರುವಾಗಲಂತೂ ಪ್ರಶ್ನೆ ಕೇಳ್ತಾ ಕೂರೋ ಹೊತ್ತೇ ಅಲ್ಲ. ಆಗ ಮುಚ್ಚಿದ ನಾಳ ಎಷ್ಟು ಬೇಗ ತೆರೆಯುತ್ತೋ ಅಷ್ಟು ಜೀವ ಉಳಿಯುತ್ತೆ. ಕೂತಲ್ಲೇ ಎದೆ ಹಿಂಡಿ, ಬೆವರು ಬಂದು, ನೋವು ಕೈಗೋ ದವಡೆಗೋ ಹರಡಿದ್ರೆ 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ, ಡಾಕ್ಟರ್ ಹೇಳಿದ್ದಕ್ಕೆ ಸೈನ್ ಮಾಡಿ.

ಅಪ್ಪನ ಸ್ಥಿತಿ ಅದಾಗಿರಲಿಲ್ಲ. ಅದಕ್ಕೇ ಅವರಿಗೆ ಆಯ್ಕೆ ಇತ್ತು. ‘ಮೊದ್ಲು ಮಾತ್ರೆ ನೋಡಾನ ಸಾರ್’ ಅಂದ್ರು. ನನ್ನ ಎದೆ ಆಗ ಎಷ್ಟು ಜೋರಾಗಿ ಬಡೀತಿತ್ತು ಅಂತ ನನಗೇ ಗೊತ್ತು. ತಪ್ಪು ಮಾಡ್ತಿದ್ದೀವಾ? ದೊಡ್ಡಪ್ಪನ ಮುಖ ಕಣ್ಮುಂದೆ ಬಂತು. ಡಾಕ್ಟರ್ ತಲೆ ಅಲ್ಲಾಡಿಸಿ ‘ಇದು ಸರಿಯಾದ ನಿರ್ಧಾರವೇ, ಮಾತ್ರೆ ಮಾತ್ರ ಒಂದು ದಿನವೂ ಬಿಡಬಾರದು’ ಅಂದ್ರು.

ಹೊರಗೆ ಬಂದ ಮೇಲೆ

ಮಣಿಕಟ್ಟಿಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಪಟ್ಟಿ ಕಟ್ಟಿರ್ತಾರೆ. ಕೆಲವು ಗಂಟೆಯಲ್ಲಿ ಸ್ವಲ್ಪ ಸ್ವಲ್ಪವೇ ಗಾಳಿ ತೆಗೀತಾರೆ. ಅಲ್ಲಿಯವರೆಗೆ ಆ ಕೈ ಊರಿ ಏಳಬಾರದು. ಕಾಲಿನ ಮೂಲಕ ಮಾಡಿದ್ರೆ ಕೆಲವು ಗಂಟೆ ಕಾಲು ಮಡಿಸದೆ ಅಂಗಾತ ಮಲಗಬೇಕು, ಕಷ್ಟ ಅನ್ನಿಸೋದು ಅದೇ. ಡೈ ಹೊರಗೆ ಹೋಗಲಿ ಅಂತ ನೀರು ಕುಡಿಸ್ತಾರೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ನೀರಿನ ಮಿತಿ ಇದ್ದವರು ಎಷ್ಟು ಅಂತ ಕೇಳಿ ಕುಡೀಬೇಕು. ಬರೀ ಪರೀಕ್ಷೆಯಾದ್ರೆ ಸಾಮಾನ್ಯವಾಗಿ ಅದೇ ದಿನ ಅಥವಾ ಮಾರನೇ ದಿನ ಮನೆಗೆ.

ಮನೆಯಲ್ಲಿ ಒಂದು ದಿನ ಗಾಡಿ ಓಡಿಸಬಾರದು. ಕೆಲವು ದಿನ ಆ ಕೈಯಲ್ಲಿ ಭಾರ ಎತ್ತಬಾರದು. ಅಪ್ಪ ಮೂರನೇ ದಿನವೇ ಕಾಯಿ ಚೀಲಕ್ಕೆ ಕೈ ಹಾಕಿ ಅಮ್ಮನ ಹತ್ತಿರ ಬೈಸಿಕೊಂಡ್ರು. ಚುಚ್ಚಿದ ಜಾಗದಲ್ಲಿ ರಕ್ತ ಬಂದ್ರೆ ಬೆರಳಿಂದ ಗಟ್ಟಿಯಾಗಿ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಿ. ಊತ ಹೆಚ್ಚಾಗ್ತಾ ಹೋದ್ರೆ, ಬೆರಳು ತಣ್ಣಗಾಗಿ ಬಣ್ಣ ಬದಲಾದ್ರೆ, ಜ್ವರ ಬಂದ್ರೆ, ಎದೆನೋವು ಬಂದ್ರೆ ನಾಳೆ ನೋಡೋಣ ಅನ್ನಬೇಡಿ.

ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳು ಮಾಡುವ ಮಾತ್ರೆ, ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳು ಇರುತ್ತೆ. ಕೆಲವರಿಗೆ ಹೆಚ್ಚುಕಮ್ಮಿ ಆಗಬಹುದು. ಹಲ್ಲು ಕೀಳಿಸೋಕೆ ಹೋದ್ರೂ, ಒಸಡಲ್ಲಿ ರಕ್ತ ಬಂದ್ರೂ, ನಿಲ್ಲಿಸೋ ಮುಂಚೆ ಹೃದಯದ ಡಾಕ್ಟರ್‌ಗೆ ಒಂದು ಫೋನ್. ಇದನ್ನು ದೊಡ್ಡಪ್ಪನ ಹೆಸರಲ್ಲಿ ಕೇಳಿಕೊಳ್ತೀನಿ.

ದುಡ್ಡಿನ ವಿಷಯವೂ ಹೇಳ್ತೀನಿ, ಆ ಗಾಜಿನ ಮುಂದೆ ಅದೂ ತಲೆಯಲ್ಲಿ ಓಡುತ್ತೆ. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿತು. ಔಷಧ ಲೇಪಿತ ಸ್ಟೆಂಟ್‌ಗೆ ಆಗ 29,600 ರೂಪಾಯಿ. ಆಮೇಲೆ ದರ ಪರಿಷ್ಕರಣೆ ಆಗ್ತಾ ಬಂದಿದೆ. ಆದ್ರೆ ಇದು ಸ್ಟೆಂಟ್‌ನ ಬೆಲೆ ಮಾತ್ರ, ಬಲೂನ್, ಕೋಣೆ, ಡಾಕ್ಟರ್ ಫೀಸು ಬೇರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಅಡ್ಮಿಟ್ ಆಗುವ ಮುಂಚೆಯೇ ಅದರ ಕೌಂಟರ್‌ನಲ್ಲಿ ವಿಚಾರಿಸಿ. ರಾಜ್ಯ ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ.

ಫೈಲು ಹಿಡಿಯೋರಿಗೆ

ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ, 2021ರ ಅಕ್ಟೋಬರ್‌ನಲ್ಲಿ, ನಮ್ಮ ವಯಸ್ಸಿನವರೆಲ್ಲ ಹೃದಯ ಪರೀಕ್ಷೆಗೆ ಸಾಲು ನಿಂತ್ವಿ. ಭಯ ಒಂದು ವಾರ ಇತ್ತು. ಆದ್ರೆ ನಮ್ಮಲ್ಲಿ ಬಹಳಷ್ಟು ಜನಕ್ಕೆ ಮೊದಲು ಬರೋ ಸರದಿ ರೋಗಿಯದ್ದಲ್ಲ, ಫೈಲು ಹಿಡಿದು ಹೊರಗೆ ನಿಲ್ಲೋರದ್ದು. ಮನೆಯಲ್ಲಿ ಇಂಗ್ಲಿಷ್ ಓದೋರು, ಗೂಗಲ್ ಪೇ ಇರೋರು, ಸೈನ್ ಮಾಡೋರು ನಾವೇ.

ಹಾಗಾಗಿ ಹಿಂದಿನ ದಿನವೇ ಕೇಳಬೇಕಾದ ಪ್ರಶ್ನೆಗಳನ್ನು ಫೋನಿನ ನೋಟ್ಸ್‌ನಲ್ಲಿ ಹಾಕಿಟ್ಟುಕೊಳ್ಳಿ. ಇದು ತುರ್ತು ಸ್ಥಿತಿಯಾ, ಯೋಚಿಸೋಕೆ ಸಮಯ ಇದೆಯಾ? ಬ್ಲಾಕ್ ಯಾವ ನಾಳದಲ್ಲಿ, ಅನುಮಾನ ಇದ್ದರೆ ಒತ್ತಡ ಅಳೆದು ನೋಡಬಹುದಾ? ಸ್ಟೆಂಟ್ ಹಾಕೋದು ಜೀವ ಉಳಿಸೋಕಾ, ನೋವು ಕಡಿಮೆ ಮಾಡೋಕಾ? ಇವತ್ತೇ ಹಾಕದಿದ್ರೆ ಏನಾಗುತ್ತೆ? ಯಾವ ಮಾತ್ರೆ, ಎಷ್ಟು ತಿಂಗಳು? ಒಳ್ಳೆ ಡಾಕ್ಟರ್‌ಗೆ ಈ ಪ್ರಶ್ನೆಗಳಿಂದ ಸಿಟ್ಟು ಬರಲ್ಲ. ಪರೀಕ್ಷೆಯ ವಿಡಿಯೊ ಇರುವ ಸಿಡಿ ಕೇಳಿ ತಗೊಳ್ಳಿ, ಇನ್ನೊಬ್ಬ ಡಾಕ್ಟರ್‌ಗೆ ತೋರಿಸೋಕೆ ಅದು ಬೇಕು. ಕೊನೆಗೆ, ಡಿಸ್ಚಾರ್ಜ್ ಸಮ್ಮರಿ ಓದಿ. ಫೋಟೊ ತೆಗೆದು ಗ್ರೂಪ್‌ಗೆ ಹಾಕಿದ್ರೆ ಓದಿದ ಹಾಗಾಗಲ್ಲ.

ಅಪ್ಪ ಈಗ ಹೇಗಿದ್ದಾರೆ? ಪಂಪ್‌ಹೌಸ್‌ವರೆಗೆ ನಿಲ್ಲದೆ ಹೋಗ್ತಾರೆ. ಬೀಡಿ ಬಿಟ್ಟಿದ್ದಾರೆ, ಬಿಟ್ಟಿದ್ದೀನಿ ಅಂತ ಹೇಳ್ತಾರೆ. ಮುಂದೆ ನೋವು ಮರಳಿದ್ರೆ ಸ್ಟೆಂಟ್ ಹಾಕಿಸಬೇಕಾಗಬಹುದು, ಅದು ನಮಗೆ ಗೊತ್ತು. ಮಾತ್ರೆ ಡಬ್ಬಿಯ ಮೇಲೆ ನಾನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಿದ್ದೀನಿ: ‘ಕೇಳದೆ ನಿಲ್ಲಿಸಬಾರದು.’ ದಿನಾ ರಾತ್ರಿ ಒಂಬತ್ತಕ್ಕೆ ಅಪ್ಪನ ಮಿಸ್ಡ್ ಕಾಲ್ ಬರುತ್ತೆ. ಒಂದು ರಿಂಗ್ ಅಂದ್ರೆ ಮಾತ್ರೆ ತಗೊಂಡೆ ಅಂತ. ಬರದಿದ್ರೆ ನಾನು ಮಾಡ್ತೀನಿ.

ಇಲ್ಲಿ ಹೇಳಿದ್ದು ತಿಳಿವಳಿಕೆಗೆ. ನಿಮ್ಮ ಮನೆಯವರಿಗೆ ಯಾವುದು ಸರಿ ಅನ್ನೋದನ್ನು ಅವರನ್ನು ನೋಡಿದ ಡಾಕ್ಟರೇ ಹೇಳಬೇಕು. ನಿಮ್ಮ ಮನೆಯಲ್ಲಿ ಫೈಲು ಹಿಡಿಯೋದು ಯಾರು? ಅವರಿಗೆ ಈ ಸಂಚಿಕೆ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ನಮಸ್ಕಾರ.